ಗೆದ್ದವಳ ದೂರು

ಡೊಂಬಿವಲಿ ಪೂರ್ವ
೯ ಜೂನ್ ೨೦೨೫

'ಗಡಿಕೋಟೆ' ಆಟ ಮಾಡಿದವರಿಗೆ,

ನಮಸ್ಕಾರ. ನಿಮ್ಮ ಆಟದೊಳಗೆ ಒಂದು ಕಡೆ 'ಅನಿಸಿಕೆಗಳನ್ನು ನಿಮ್ಮ ಭಾಷೆಯಲ್ಲೇ ಬರೆಯಿರಿ' ಎಂದಿದೆ. ಕನ್ನಡದಲ್ಲಿ ಬರೆದರೆ ಓದುವವರು ಇದ್ದಾರೋ ಇಲ್ಲವೋ ತಿಳಿಯದು. ಇದ್ದಾರೆಂದೇ ಹಿಡಿದು ಬರೆಯುತ್ತಿದ್ದೇನೆ.

ನಿಮ್ಮ ಹೊಂಚುಪಡೆಗೆ ಬಲ ಹೆಚ್ಚಾಗಿದೆ. ಒಂದು ದಂಡನ್ನು ಹುಲ್ಲಿನಲ್ಲಿ ಅಡಗಿಸಿಟ್ಟರೆ ಎದುರಾಳಿಗೆ ಅದು ಕಾಣುವುದಿಲ್ಲ. ಅವರ ಸೈನ್ಯ ಹತ್ತಿರ ಬಂದಾಗ ಹುಲ್ಲು ತುಸು ಅಲುಗುತ್ತದೆ, ಅಷ್ಟೇ. ಅದನ್ನು ಗಮನಿಸದೆ ಮುಂದೆ ಬಂದರೆ ಒಂದೇ ಏಟಿಗೆ ಎಲ್ಲ ಮುಗಿಯುತ್ತದೆ. ಇದು ನ್ಯಾಯವಲ್ಲ. ದಯವಿಟ್ಟು ಅದರ ಬಲ ಕುಗ್ಗಿಸಿ.

ಸೋತ ಸಿಟ್ಟಿಗೆ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಹೊಂಚು ಹಾಕುವವಳು ನಾನೇ. ಕಚೇರಿಯಿಂದ ಬಂದ ಮೇಲೆ ದಿನಾ ಅದೇ ಒಬ್ಬ ಗೆಳತಿಯೊಡನೆ ಆಡುತ್ತೇನೆ. ಕೆಲವು ತಿಂಗಳಿಂದ ದಿನಾ ನಾನೇ ಗೆಲ್ಲುತ್ತೇನೆ. ಗೆದ್ದು ಗೆದ್ದು ಸುಸ್ತಾಗಿದೆ. ಹೀಗೇ ಸೋಲುತ್ತಿದ್ದರೆ ಅವಳು ಆಟ ಬಿಟ್ಟುಬಿಟ್ಟಾಳು. ಅವಳು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೇನೂ ಉಳಿದಿಲ್ಲ.

ಇತಿ,
ಜಯಲತಾ


ಘಣಸೋಲಿ
೧೭ ಜೂನ್ ೨೦೨೫

ಜಯಲತಾ ಮೇಡಂ ಅವರಿಗೆ ನಮಸ್ಕಾರ.

ಓದುವವರು ಇದ್ದಾರೆ. ಆಫೀಸಿನಲ್ಲಿ ಕನ್ನಡ ಬರುವವನು ನಾನೊಬ್ಬನೇ, ಹಾಗಾಗಿ ನಿಮ್ಮ ಪತ್ರ ನನ್ನ ಪಾಲಿಗೆ ಬಂತು. ಏಳನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದ್ದೆ, ಆಮೇಲೆ ಬರೆದದ್ದೇ ಇಲ್ಲ. ಅಮ್ಮ ಉಡುಪಿಯವರು, ಇದನ್ನು ಅವರೇ ತಿದ್ದಿ ಕೊಟ್ಟಿದ್ದಾರೆ. ನಿಮ್ಮ ಪತ್ರ ಓದಿ, "ಇಷ್ಟು ಚಂದ ಬರೆಯುವವರು ಗೇಮ್ ಎಂತಕ್ಕೆ ಆಡ್ತಾರಾ?" ಎಂದು ಕೇಳಿದರು.

ನನ್ನ ಹೆಸರು ಸಮಿತ್. ಆಟದ ಸಮತೂಕ ನೋಡುವುದು ನನ್ನ ಕೆಲಸ. ಯಾವ ಪಡೆಗೆ ಎಷ್ಟು ಬಲ, ಎಷ್ಟು ವೇಗ ಎಂದು ಕೂಡಿಸಿ ಕಳೆದು ಕೂರುತ್ತೇನೆ. ಹೊಂಚುಪಡೆ ಎಂದರೆ ನನಗೆ ತಲೆನೋವು. ಬಲ ಕುಗ್ಗಿಸಿದರೆ ಅದನ್ನು ಯಾರೂ ಮುಟ್ಟುವುದಿಲ್ಲ, ಹೆಚ್ಚಿಸಿದರೆ ಸೋತವರು ಬೈಯುತ್ತಾರೆ. ನಿನ್ನೆ ಒಬ್ಬರು ನನ್ನ ಬೆರಳುಗಳಿಗೆ ಹುಳ ಬೀಳಲಿ ಎಂದು ಬರೆದಿದ್ದರು. ಬೆಳಿಗ್ಗೆ ಅಂಥದ್ದನ್ನೆಲ್ಲ ಓದಿದರೆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲು ಮನಸ್ಸಾಗುವುದಿಲ್ಲ. ಗೆದ್ದವರು ದೂರು ಬರೆದದ್ದು ಇದೇ ಮೊದಲು.

ನಾನು ಇಟ್ಟುಕೊಂಡ ನಿಯಮ ಒಂದೇ. ಸೋತವರು ಆಮೇಲೆ ಯೋಚಿಸಿದಾಗ 'ಛೇ, ನಾನು ನೋಡಬೇಕಿತ್ತು' ಎನ್ನಬೇಕು. 'ನೋಡಲು ಸಾಧ್ಯವೇ ಇರಲಿಲ್ಲ' ಎಂದರೆ ತಪ್ಪು ನನ್ನದು. ಹುಲ್ಲು ಅಲುಗುವುದು ಅದಕ್ಕಾಗಿಯೇ.

ಒಂದು ಕೇಳಲೇ? ನೀವೇ ಬೇಕೆಂದು ಸೋತರೆ ಆಗದೆ?

ನಿಮ್ಮ,
ಸಮಿತ್


ಡೊಂಬಿವಲಿ
೨೨ ಜೂನ್ ೨೦೨೫

ಪ್ರಿಯ ಸಮಿತ್,

ಹಿಂದೊಮ್ಮೆ ಸೋತೂ ನೋಡಿದ್ದೆ. ಕೋಟೆಯ ಬಾಗಿಲು ತೆರೆದಿಟ್ಟು ಸುಮ್ಮನೆ ಕೂತೆ. ಅವಳು ಅರ್ಧಕ್ಕೇ ಆಟ ಬಿಟ್ಟು ಹೋದಳು, ಒಂದು ವಾರ ಬರಲಿಲ್ಲ. ಚಂಪಾ ಸೋಲನ್ನು ತಡೆದುಕೊಳ್ಳುತ್ತಾಳೆ, ಕನಿಕರವನ್ನಲ್ಲ.

ಚಂಪಾ ಮತ್ತು ನಾನು ವರ್ಷಗಟ್ಟಲೆ ಲೋಕಲ್ ಗಾಡಿಯ ಒಂದೇ ಲೇಡೀಸ್ ಡಬ್ಬಿಯಲ್ಲಿ ದಾದರಿಗೆ ಹೋದವರು. ಅವಳು ಬ್ಯಾಂಕಿಗೆ, ನಾನು ಒಂದು ಟ್ರಸ್ಟಿನ ಕಚೇರಿಗೆ. ನಾನು ಕವಿತೆಯ ಪುಸ್ತಕ ತೆಗೆದರೆ, "ಓದು, ಜೋರಾಗಿಯೇ ಓದು ಮಾರಾಯ್ತಿ. ಅರ್ಥ ಆಗದಿದ್ರೂ ನಿದ್ದೆ ಒಳ್ಳೇದು ಬರ್ತದೆ" ಎನ್ನುತ್ತಿದ್ದಳು. ನಿಮ್ಮ ಆಟವನ್ನು ನಮ್ಮ ಫೋನುಗಳಿಗೆ ಹಾಕಿಕೊಟ್ಟವನು ಅವಳ ಮಗ ಅಕ್ಷಿತ್. ಎದುರುಬದುರು ಕೂತು ಆಡುತ್ತಿದ್ದೆವು. ನಾನು ಎಲ್ಲಿ ಹೊಂಚು ಹಾಕಿದ್ದೇನೆಂದು ಅವಳು ನನ್ನ ಮುಖ ನೋಡಿಯೇ ಹೇಳುತ್ತಿದ್ದಳು.

ಹೊಂಚು ನಮಗೆ ಹೊಸದಲ್ಲ. ನೀವು ಘಣಸೋಲಿಯವರು, ನಿಮಗೆ ತಿಳಿದಿರಲಿಕ್ಕಿಲ್ಲ. ದಾದರಿಗೆ ಹೋಗಬೇಕಾದ ಡೊಂಬಿವಲಿಯವರು ಮೊದಲು ಉಲ್ಟಾ ದಿಕ್ಕಿನ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗುತ್ತೇವೆ. ಅಲ್ಲಿ ಇಳಿಯುವುದಿಲ್ಲ. ಅದೇ ಗಾಡಿ ಅಲ್ಲಿಂದ ಮುಂಬಯಿಗೆ ತಿರುಗುತ್ತದೆ. ಖಾಲಿ ಗಾಡಿ ಎಂದು ಕಲ್ಯಾಣದವರು ನುಗ್ಗಿದರೆ ಒಳಗೆ ನಾವು ಮೊದಲೇ ಕೂತಿರುತ್ತೇವೆ. "ಬಸಲ್ಯಾ ಬಘಾ ಡೊಂಬಿವಲೀಚ್ಯಾ ಮಹಾರಾಣ್ಯಾ!" ಎಂದು, ಮಹಾರಾಣಿಯರು ಕೂತಾಯಿತು ನೋಡಿ ಎಂದು, ಬೈಗುಳ ಶುರು. ಚಂಪಾ ಕಿಟಕಿಗೆ ಮುಖ ತಿರುಗಿಸಿ, "ನಂಗೆ ಕಿವಿ ಕೇಳ್ಸುದಿಲ್ಲ ಅಂತ ಹೇಳು" ಎನ್ನುತ್ತಿದ್ದಳು.

ಆದರೆ ಆ ಹೊಂಚಿಗೆ ಒಂದು ಬೆಲೆ ಇತ್ತು. ನಿದ್ದೆ ಬಿಟ್ಟು ಬೇಗ ಏಳಬೇಕು, ಹೋಗಬೇಕಾದ ದಿಕ್ಕು ಬಿಟ್ಟು ಹಿಂದಕ್ಕೆ ಹೋಗಬೇಕು, ಕಲ್ಯಾಣದಲ್ಲಿ ಕಾದು ಕೂರಬೇಕು. ಸೀಟು ಸಿಕ್ಕಿಯೂ ದಾದರ್ ಬರುವಾಗ ದಣಿದಿರುತ್ತಿದ್ದೆವು. ನಿಮ್ಮ ಹೊಂಚುಪಡೆ ಹುಲ್ಲಿನಲ್ಲಿ ಎಷ್ಟು ಹೊತ್ತು ಕೂತರೂ ಎದ್ದಾಗ ಆಗಷ್ಟೇ ಮಿಂದು ಬಂದಂತಿರುತ್ತದೆ. ನನಗಂತೂ ಇದನ್ನು ನಂಬಲಾಗುವುದಿಲ್ಲ.

ಚಂಪಾ ಸ್ವಯಂ ನಿವೃತ್ತಿ ಪಡೆದು ಮಗನ ಜೊತೆ ಸಾನಪಾಡಾಕ್ಕೆ ಹೋದಳು. ಹೋಗುವ ಸುದ್ದಿ ನನಗೆ ಕೊನೆಗೆ ತಿಳಿಸಿದಳೆಂದು ನಾನು ಸಣ್ಣಗೆ ಮುನಿಸಿಕೊಂಡೆ. ಆಮೇಲೆ ನೆರೂಳಿನಲ್ಲಿ ಒಂದು ಮದುವೆ. ವಾಲಗದ ಗದ್ದಲದಲ್ಲಿ ನಾನು ನಗುತ್ತ ಕೈ ಮುಂದೆ ಮಾಡಿದೆ. ಅವಳು ನನ್ನನ್ನು ಹಾದು ಹೋಗಿಬಿಟ್ಟಳು, ಕಂಬವನ್ನು ಹಾದು ಹೋದ ಹಾಗೆ. ಅಂದಿನಿಂದ ಮಾತಿಲ್ಲ. ಆದರೆ ಸಂಜೆಯಾದರೆ ಫೋನಿನಲ್ಲಿ 'ಆಡಲು ಬನ್ನಿ' ಎಂಬ ಅವಳ ಕರೆ ಬರುತ್ತದೆ. ನಾನು ಹೋಗುತ್ತೇನೆ. ಮೊದಲು ಮಾತಾಡುವವಳು ಅವಳಾಗಲಿ ಎಂದು ನಾನು, ನಾನಾಗಲಿ ಎಂದು ಅವಳು.

ಜಯಲತಾ


ಘಣಸೋಲಿ
೧೧ ಜುಲೈ ೨೦೨೫

ಜಯಲತಕ್ಕನಿಗೆ,

ಮೇಡಂ ಎಂದು ಬರೆದರೆ ಅಮ್ಮ ಆ ಪದವನ್ನೇ ಹೊಡೆದು ಹಾಕುತ್ತಾರೆ.

ಕಲ್ಯಾಣದ ಗಾಡಿಯ ಕಥೆಯನ್ನು ಮೀಟಿಂಗಿನಲ್ಲಿ ಹೇಳಿದೆ. ನಮ್ಮ ಹೆಡ್ ಅನುಷ್ಕಾ ಕಲ್ಯಾಣದವರು. "ಅರೆ, ಬೈತಿದ್ದವರು ನಾವೇ!" ಎಂದು ಮೇಜು ಬಡಿದು ನಕ್ಕರು. ಆ ಮೇಜಿನ ಸುತ್ತ ಯಾರಾದರೂ ನಕ್ಕು ಬಹಳ ದಿನವಾಗಿತ್ತು.

ಮೊನ್ನೆ ಆಟದಲ್ಲಿ ಒಂದು ಬದಲಾವಣೆ ತಂದಿದ್ದೇವೆ. ಇನ್ನು ಮುಂದೆ ಹೊಂಚುಪಡೆ ಕಾದಷ್ಟೂ ದಣಿಯುತ್ತದೆ. ತುಂಬಾ ಹೊತ್ತು ಅಡಗಿ ಕೂತರೆ ಎದ್ದಾಗ ಅದಕ್ಕೆ ಅರ್ಧ ಬಲವೂ ಇರುವುದಿಲ್ಲ. ಇದು ನಿಮ್ಮ ಕೊಡುಗೆ.

ಇನ್ನೂ ನಿಮ್ಮ ಗೆಳತಿ ಸೋಲುತ್ತಿದ್ದರೆ ಒಂದು ಕೆಲಸ ಮಾಡಿ. ಆಡಿ ಮುಗಿಸಿದ ಆಟವನ್ನು 'ಮರುನೋಟ'ದಲ್ಲಿ ಎದುರಾಳಿಯ ಕಡೆಯಿಂದಲೂ ನೋಡಬಹುದು. ಅವರಿಗೆ ಪರದೆಯ ಮೇಲೆ ಏನಿತ್ತು, ಅವರ ಬೆರಳು ಎಲ್ಲೆಲ್ಲಿ ಹೋಯಿತು, ಎಲ್ಲ ಕಾಣುತ್ತದೆ. ಹೇಗೆ ಸೋತರು ಎನ್ನುವುದು ಗೆದ್ದ ಕಡೆಯಿಂದ ಗೊತ್ತಾಗುವುದಿಲ್ಲ.

ಸಮಿತ್


ಡೊಂಬಿವಲಿ
೩ ಆಗಸ್ಟ್ ೨೦೨೫

ಪ್ರಿಯ ಸಮಿತ್,

ಇವತ್ತು ಭಾನುವಾರ. ನನ್ನ ಯಜಮಾನರು ಮಧ್ವರಾಜ ಕಲ್ಯಾಣದ ಹೋಟೆಲಿಗೆ ಹೋಗಿದ್ದಾರೆ, ಅವರಿಗೆ ರಜೆಯೆಂಬುದಿಲ್ಲ. ಬೆಳಗಿನಿಂದ ಚಂಪಾ ಸೋತ ಆಟಗಳನ್ನು ಅವಳ ಕಡೆಯಿಂದ ನೋಡುತ್ತ ಕೂತೆ. ಅನ್ನಕ್ಕಿಟ್ಟದ್ದು ಸೀದದ್ದೂ ತಿಳಿಯಲಿಲ್ಲ.

ಬಲಗಡೆಯ ಹುಲ್ಲು ಅಲುಗಿದಾಗಲೆಲ್ಲ ಅವಳು ನಿಂತಿದ್ದಾಳೆ. ಎಡಗಡೆಯದು ಅಲುಗಿದಾಗ ಒಮ್ಮೆಯೂ ನಿಂತಿಲ್ಲ. ಅಷ್ಟೇ ಅಲ್ಲ. ಎಡಕ್ಕೆ ನಾನು ಬಯಲಿನಲ್ಲಿ, ಯಾವ ಮರೆಯೂ ಇಲ್ಲದೆ, ಬಾವುಟ ಹಾರಿಸಿ ಕಟ್ಟಿದ ಕಾವಲು ಗೋಪುರ ಇದೆ. ಅವಳ ಸೈನ್ಯ ನೇರ ಅದರ ಬುಡಕ್ಕೆ ನಡೆದಿದೆ. ಅವಳ ಬೆರಳು ಆ ಕಡೆ ಹೋಗಿಯೇ ಇಲ್ಲ.

ನಾನು ಒಳ್ಳೆಯ ಹೊಂಚುಗಾರ್ತಿಯಲ್ಲ, ಸಮಿತ್. ಚಂಪಾಗೆ ಎಡಗಡೆ ಕಾಣುತ್ತಿಲ್ಲ.

ನೆರೂಳಿನ ಮದುವೆಯಲ್ಲಿ ನಾನು ನಿಂತದ್ದು ಬಾಗಿಲ ಬಾಳೆಗಿಡದ ಹತ್ತಿರ. ಅವಳು ಊಟದ ಕೋಣೆಯಿಂದ ಹೊರಗೆ ಬರುತ್ತಿದ್ದಳು. ಎಷ್ಟು ಸಲ ನೆನೆದರೂ ನಾನು ಅವಳ ಎಡಕ್ಕೇ ಇದ್ದೇನೆ.

ನಿಮ್ಮಲ್ಲಿ ಅವಳು ಆಡಿದ್ದರ ಲೆಕ್ಕವೆಲ್ಲ ಇರಬೇಕು. ನಾನು ಕಂಡದ್ದು ಸರಿಯೇ ಎಂದು ನೋಡಿ ಹೇಳುತ್ತೀರಾ?

ಜಯಲತಾ


ಘಣಸೋಲಿ
೫ ಆಗಸ್ಟ್ ೨೦೨೫

ಅಕ್ಕಾ,

ಒಬ್ಬರ ಆಟದ ಲೆಕ್ಕವನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ನಾನು ತೆರೆದು ನೋಡುವುದೂ ಇಲ್ಲ. ಆದರೆ ನಿಮ್ಮ ಕಣ್ಣಾರೆ ನೀವು ನೋಡಿದ್ದಕ್ಕೆ ನನ್ನ ಸಾಕ್ಷಿ ಯಾಕೆ ಬೇಕು?

ನಾನು ಡಾಕ್ಟರ್ ಅಲ್ಲ. ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದಾಗ ಅವರು ಒಲೆ ಆರಿಸಿ ಕೂತುಬಿಟ್ಟರು. ಅವರ ಅಣ್ಣ ಪುಂಡರೀಕಾಕ್ಷ ವಾಶಿಯಲ್ಲಿ ಹೋಟೆಲ್ ಇಟ್ಟಿದ್ದರು. ಗಲ್ಲಾದಲ್ಲಿ ಕೂತರೆ ಒಂದು ಬದಿಯಿಂದ ಬಂದವರನ್ನು ಮಾತಾಡಿಸುತ್ತಿರಲಿಲ್ಲ. ದುಡ್ಡು ಬಂದು ಅಹಂಕಾರ ಎಂದರು ಎಲ್ಲರೂ, ಅಮ್ಮ ಕೂಡ. ಕಣ್ಣಿನ ನರ ಒಣಗುತ್ತ ಬಂದಿತ್ತು. ನೋವಿಲ್ಲ, ಕೆಂಪಿಲ್ಲ. ಕಾಣದ ಜಾಗವನ್ನು ಮನಸ್ಸೇ ತುಂಬಿಕೊಳ್ಳುತ್ತದಂತೆ, ಹಾಗಾಗಿ ಕಾಯಿಲೆ ಇದ್ದವರಿಗೇ ತಿಳಿಯುವುದಿಲ್ಲ. ಪರೀಕ್ಷೆಗೆ ಹೋಗುವಾಗ ತಡವಾಗಿತ್ತು. ಈಗ ಮಾವನನ್ನು ಕೈ ಹಿಡಿದು ನಡೆಸಬೇಕು.

ಬೇಗ ಹೇಳಿ ಅಕ್ಕಾ.

ನನ್ನ ನಿಯಮವೂ ಕುಂಟುತ್ತಿದೆ. 'ನೋಡಬೇಕಿತ್ತು' ಎನ್ನುವುದು ಕಣ್ಣಿದ್ದವರಿಗಾಯಿತು. ಹುಲ್ಲಿನ ಜೊತೆ ಒಂದು ಸದ್ದು ಇಡೋಣ ಎಂದೆ. ಟ್ರೇನಿನಲ್ಲಿ ಎಲ್ಲರೂ ಸದ್ದು ಆರಿಸಿ ಆಡುತ್ತಾರೆ, ಯಾರಿಗೆ ಕೇಳುತ್ತದೆ ಎಂದರು ಅನುಷ್ಕಾ. ಸರಿಯೇ. ಬೇರೆ ಏನಾದರೂ ಯೋಚಿಸುತ್ತೇನೆ.

ಸಮಿತ್


ಡೊಂಬಿವಲಿ
೨೪ ಆಗಸ್ಟ್ ೨೦೨೫

ಸಮಿತ್,

ಹೇಳಲಿಲ್ಲ.

ಫೋನ್ ಮಾಡಿದೆ, ಅವಳು ಎತ್ತಲಿಲ್ಲ. ಮಗ ಅಕ್ಷಿತನಿಗೆ ಹೇಳಬಹುದಿತ್ತು. ಆದರೆ ಅವಳಿಗೆ ತಿಳಿಯದಂತೆ ಹಿಂದಿನಿಂದ ಹೇಳುವುದೂ ಹೊಂಚೇ ಅಲ್ಲವೆ? ಇವತ್ತು ಹೊರಟು ಥಾಣೆಯ ತನಕ ಹೋದೆ. ಸಾನಪಾಡಾಕ್ಕೆ ಹೋಗುವ ವಾಶಿ ಗಾಡಿಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಗಾಡಿಗಳು ಬಂದವು, ಹೋದವು. ಹೋಗಿ ಏನೆನ್ನಲಿ? ಇಷ್ಟು ದಿನ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ, ಈಗ ನಿನಗೆ ಕಣ್ಣಿಲ್ಲವೆಂದು ಗೊತ್ತಾಗಿ ಸಿಟ್ಟು ಇಳಿಯಿತು ಎನ್ನಲೆ? ಬಾಗಿಲು ಹಾಕಿಕೊಂಡಾಳು. ಡೊಂಬಿವಲಿಗೇ ವಾಪಸಾದೆ.

ಸಂಜೆ ಅವಳ ಕರೆ ಬಂತು. ಆಡಿದೆ. ಈಗ ಎಡಕ್ಕೆ ಹೊಂಚು ಹಾಕುವುದಿಲ್ಲ.

ಜಯಲತಾ


ಘಣಸೋಲಿ
೨೫ ಆಗಸ್ಟ್ ೨೦೨೫

ಅಕ್ಕಾ,

ಕಾದಷ್ಟೂ ದಣಿವು ಎಂದು ನನಗೆ ಕಲಿಸಿದವರು ನೀವು.

ಸಮಿತ್


ಡೊಂಬಿವಲಿ
೧೪ ಸೆಪ್ಟೆಂಬರ್ ೨೦೨೫

ಪ್ರಿಯ ಸಮಿತ್,

ಹೋಗಿದ್ದೆ. ಗಾಡಿ ಘಣಸೋಲಿಯಲ್ಲಿ ನಿಂತಾಗ ನಿಮ್ಮನ್ನು ನೆನೆದೆ.

ಬಾಗಿಲು ತೆರೆದವಳು ಚಂಪಾಳೇ. ಸ್ವಲ್ಪ ಇಳಿದಿದ್ದಾಳೆ. ಎಡ ಮೊಣಕೈಯಲ್ಲಿ ನೀಲಿಗಟ್ಟಿದ ಗುರುತು, ಬಾಗಿಲ ಚೌಕಟ್ಟಿಗೆ ತಾಗಿದ್ದಿರಬೇಕು.

"ಎಂತ ಮಾರಾಯ್ತಿ, ದಾರಿ ತಪ್ಪಿ ಬಂದದ್ದಾ?"

"ದಾರಿ ಕೇಳಿಕೊಂಡೇ ಬಂದದ್ದು."

"ಕೂತ್ಕೋ. ಮದುವೆಗೆ ನೀನೂ ಬಂದಿದ್ದಿ ಅಂತ ಆಮೇಲೆ ಯಾರೋ ಹೇಳಿದ್ರು. ಒಂದು ಮಾತಾಡದೆ ಹೋದವಳು ನೀನು."

ಅವಳ ಲೆಕ್ಕದಲ್ಲಿ ಮುಖ ತಿರುಗಿಸಿದವಳು ನಾನು! ಅಷ್ಟು ದಿನ ಅವಳೂ ಕಾದಿದ್ದಳು.

"ನಿನ್ನ ಹತ್ತಿರವೇ ನಿಂತಿದ್ದೆ ಚಂಪಾ. ಕೈ ಮುಂದೆ ಮಾಡಿದ್ದೆ."

"ಸುಳ್ಳು ಹೇಳ್ಬೇಡ. ನೀನಿದ್ದಿದ್ರೆ ನಂಗೆ ಕಾಣ್ತಿರ್ಲಿಲ್ವಾ?"

ಅವಳು ಕಾಫಿ ಇಡಲು ಅಡಿಗೆಮನೆಗೆ ತಿರುಗಿದಳು. ನಾನು ಸದ್ದಿಲ್ಲದೆ ಎದ್ದು ಅವಳ ಎಡಕ್ಕೆ ಹೋಗಿ, ಅಂದು ನಿಂತಷ್ಟೇ ದೂರದಲ್ಲಿ ಕೈ ಮುಂದೆ ಮಾಡಿ ನಿಂತೆ. ಅವಳು ಸಕ್ಕರೆ ಡಬ್ಬಿ ಹಿಡಿದು ಹೊರಗಿನ ಕೋಣೆಯ ಕಡೆ ನೋಡಿದಳು.

"ಸಕ್ಕರೆ ಎಷ್ಟು ಹಾಕ್ಲಿ? ಎಲ್ಲಿ ಹೋದಿ?"

ನಾನು ಕೈ ಚಾಚಿಯೇ ನಿಂತಿದ್ದೆ.

"ಲತಾ? ಎಲ್ಲಿದ್ದಿ?"

"ಇಲ್ಲೇ ಇದ್ದೇನೆ," ಎಂದೆ.

ಅವಳು ಪೂರ್ತಿ ತಿರುಗಿದಳು. ನನ್ನ ಕೈ ಅವಳ ಹೊಟ್ಟೆಗೆ ತಾಗುವಷ್ಟು ಹತ್ತಿರವಿತ್ತು. ಆ ಕೈಯನ್ನು ಬಹಳ ಹೊತ್ತು ನೋಡಿದಳು. ಕಾಫಿ ಉಕ್ಕಿತು. ನಾನು ಒಲೆ ಆರಿಸಿ, ಅವಳನ್ನು ಕರೆತಂದು ಕೂರಿಸಿ ಬಲಕ್ಕೆ ಕೂತೆ. ನಾನು ಅವಳಿಗೆ ಹಾಕಿದ ಅತ್ಯಂತ ನಿರ್ದಯವಾದ ಹೊಂಚು ಅದು. ನಿಮ್ಮ ನಿಯಮಕ್ಕೆ ಒಪ್ಪುವುದಿಲ್ಲ.

"ಕನ್ನಡಕ ಹಳೇದಾಯ್ತು ಅಂತ ಮಾಡಿದ್ದೆ," ಎಂದಳು ಕೊನೆಗೆ. "ನಿಂಗೆ ಹೇಗೆ ಗೊತ್ತಾಯ್ತು?"

"ಗೇಮಿನಲ್ಲಿ ಕಂಡಿತು."

"ಹಾಂ! ಗೊತ್ತಿದ್ದೂ ಹೊಡೆದಿಯಾ?"

"ಗೊತ್ತಾದ ಮೇಲೆ ಎಡಕ್ಕೆ ಹೊಂಚು ಹಾಕಲಿಲ್ಲ."

"ಅದಕ್ಕೆ ಈಗೀಗ ನನ್ನ ದಂಡು ಉಳೀತಿತ್ತು. ನಾನು ಹುಷಾರಾದೆ ಅಂತ ಅಕ್ಷಿತನ ಹತ್ರ ಜಂಬ ಕೊಚ್ಚಿದ್ದೆ, ಥೂ."

ನಗುತ್ತಲೇ ಹೇಳಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ನಾಡಿದ್ದು ಡಾಕ್ಟರರ ಹತ್ತಿರ. ಜೊತೆಗೆ ನಾನೂ.

ಜಯಲತಾ


ಘಣಸೋಲಿ
೨೬ ಅಕ್ಟೋಬರ್ ೨೦೨೫

ಅಕ್ಕಾ,

ನಿಮ್ಮ ಪತ್ರವನ್ನು ಅಮ್ಮ ಮಾವನಿಗೂ ಓದಿ ಹೇಳಿದರು. ಅವರು ಇನ್ನೊಮ್ಮೆ ಓದು ಎಂದರಂತೆ.

ಹೊಸ ಬದಲಾವಣೆ ನಿನ್ನೆ ಹೊರಗೆ ಬಂತು. ಹುಲ್ಲು ಅಲುಗುವಾಗ ಫೋನೂ ಕೈಯಲ್ಲಿ ಸಣ್ಣಗೆ ನಡುಗುತ್ತದೆ. ಎಡದ ಹುಲ್ಲಾದರೆ ಒಮ್ಮೆ, ಬಲದ್ದಾದರೆ ಎರಡು ಸಲ. ಕಣ್ಣೂ ಬೇಡ, ಕಿವಿಯೂ ಬೇಡ. ತುಂಬಿದ ಡಬ್ಬಿಯಲ್ಲಿ ನಿಂತವರಿಗೂ ತಿಳಿಯುತ್ತದೆ.

ಬೈಗುಳ ರಾಶಿ ಬಿದ್ದಿದೆ. ಹೊಂಚುಪಡೆಯನ್ನೇ ಕೊಂದೆಯಲ್ಲ ಎಂದು ಒಬ್ಬರು, ಕುರುಡರಿಗಾಗಿ ಆಟ ಮಾಡಿದ್ದೀಯಾ ಎಂದು ಇನ್ನೊಬ್ಬರು. ಎರಡನೆಯದಕ್ಕೆ ಹೌದು ಎಂದು ಉತ್ತರ ಬರೆದು, ಕಳಿಸದೆ ಅಳಿಸಿದೆ. ಲೆಕ್ಕ ನೋಡಿ ತೆಗೆಯಬೇಕೋ ಉಳಿಸಬೇಕೋ ಹೇಳುತ್ತೇನೆ ಎಂದಿದ್ದಾರೆ ಅನುಷ್ಕಾ. ನನಗೂ ಸಾಕಾಗಿದೆ. ಚಂಪಕ್ಕ ಹೇಗಿದ್ದಾರೆ?

ಸಮಿತ್


ಡೊಂಬಿವಲಿ
೧೬ ನವೆಂಬರ್ ೨೦೨೫

ಪ್ರಿಯ ಸಮಿತ್,

ಹೋದದ್ದು ಬರುವುದಿಲ್ಲ, ಇರುವುದನ್ನು ಕಾಯಬಹುದು ಎಂದರು ಡಾಕ್ಟರು. ಎರಡೂ ಕಣ್ಣಿಗೆ ಎಡಗಡೆಯ ನೋಟ ಹೆಚ್ಚು ಹೋಗಿದೆ. ಬೆಳಿಗ್ಗೆ ಸಂಜೆ ಹನಿ ಬಿಡಬೇಕು, ಬದುಕಿರುವ ತನಕ. "ಹಲ್ಲುಜ್ಜಿದ ಹಾಗೆ," ಎಂದಳು ಚಂಪಾ.

ಇವತ್ತು ಅವಳ ಮನೆಯಲ್ಲೇ ಆಡಿದೆವು. ಒಂದೇ ಸೋಫಾ, ನಾನು ಬಲಕ್ಕೆ. "ಎಡಕ್ಕೂ ಹಾಕು. ಪಾಪಗೀಪ ಅಂತ ನೋಡಿದ್ರೆ ನಿನ್ನ ಕಾಫಿಗೆ ಉಪ್ಪು ಹಾಕ್ತೇನೆ," ಎಂದಳು. ಎಡಗಡೆಯ ಹುಲ್ಲಿನಲ್ಲಿ ನನ್ನ ದಂಡನ್ನು ಅಡಗಿಸಿದೆ. ಅವಳ ಸೈನ್ಯ ಬಂತು. ಅವಳ ಅಂಗೈಯಲ್ಲಿ ಫೋನು ಒಮ್ಮೆ ನಡುಗಿದ್ದು ಪಕ್ಕದಲ್ಲಿದ್ದ ನನಗೂ ಕಂಡಿತು. ಅವಳು ನಿಂತಳು.

ಮೇಲೆ ಬೀಳುತ್ತಾಳೆ ಎಂದುಕೊಂಡೆ. ಬೀಳಲಿಲ್ಲ. ಫೋನನ್ನು ಮಡಿಲಲ್ಲಿಟ್ಟು ಚಕ್ಕುಲಿ ಮುರಿದು ತಿನ್ನತೊಡಗಿದಳು.

"ಆಡುವುದಿಲ್ಲವಾ?"

"ಅವಸರ ಎಂತ? ನಿನ್ನವರು ಹುಲ್ಲಲ್ಲಿ ಕೂತಿರಲಿ. ಕಾದು ಕಾದು ದಣೀಲಿ."

ನಿಮ್ಮ ಎರಡು ಬದಲಾವಣೆಗಳನ್ನೂ ಅವಳು ಒಟ್ಟಿಗೆ ನನ್ನ ಮೇಲೆ ತಿರುಗಿಸಿದ್ದಳು. ನನ್ನ ದಂಡಿನ ಬಲ ಇಳಿಯುತ್ತ ಹೋಯಿತು. ಎದ್ದರೂ ಸೋಲು, ಕೂತರೂ ಸೋಲು. ಅವಳು ಚಕ್ಕುಲಿ ಮುಗಿಸಿ ಕೈ ಒರೆಸಿಕೊಂಡು, ನನ್ನ ಕಡೆ ಪೂರ್ತಿ ತಿರುಗಿ ಮುಖ ನೋಡಿದಳು, ಮೊದಲು ಟ್ರೇನಿನಲ್ಲಿ ನೋಡುತ್ತಿದ್ದ ಹಾಗೆ.

"ಸಾಕು, ಹೊರಗೆ ಬಾ."

ಬಂದೆ. ಪೂರ್ತಿ ಸೋತೆ. ನಿಮ್ಮ ಅನುಷ್ಕಾ ಅವರು ಲೆಕ್ಕ ನೋಡುವಾಗ ಇದನ್ನೂ ಸೇರಿಸಿಕೊಳ್ಳಲಿ: ಸೋತವಳಿಂದ ಈ ಸಲ ದೂರೇನೂ ಇಲ್ಲ.

ಥಾಣೆಯ ಗಾಡಿಗೆ ಹೊತ್ತಾಗಿತ್ತು. ಹೊರಡಬೇಕೆಂದು ಚೀಲ ಎತ್ತಿಕೊಂಡೆ. ಅಷ್ಟರಲ್ಲಿ ಸಂಜೆಯ ಹನಿ ಬಿಡುವ ಹೊತ್ತಾಯಿತೆಂದು ಅವಳು ತಲೆ ಹಿಂದಕ್ಕೆ ಒರಗಿಸಿ, ಕಣ್ಣು ತೆರೆದು, ಸುಮ್ಮನೆ ಕಾದಳು. ನಾನು ಚೀಲ ಕೆಳಗಿಟ್ಟೆ.

ನಿಮ್ಮ ಅಕ್ಕ,
ಜಯಲತಾ